ಸೊಸೆಯಂದಿರ ಮಗ್ಗ

ಕಲಘಟಗಿ
ಜೂನ್ ೧೦, ೧೯೭೪

ಅಮ್ಮಾ ಅವರಿಗೆ ನಿಮ್ಮ ಸೊಸೆ ರೇಷ್ಮಾಬಿಯ ಸಲಾಂ.

ಸುಖವಾಗಿ ಬಂದು ಮುಟ್ಟಿದ್ದೇನೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ನೀವು ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದಿದ್ದೆ. ಕಂಡಕ್ಟರ್ ಹಿಂದೆ ಓಡಿ ಬಂದು ಕೊಟ್ಟ. "ತಗೋ ತಂಗಿ, ನಿನ್ನ ಶೇಂಗಾ ಚಟ್ನಿ ವಾಸನಿಗೆ ಮಲಗಿದ ಮಂದೆಲ್ಲಾ ಎದ್ದು ಕುಂತೈತಿ" ಅಂದ. ನನಗೆ ನಗು ಬಂದುಬಿಟ್ಟಿತು. ನಡುರಸ್ತೆಯಲ್ಲಿ ನಿಂತು ನಕ್ಕೆ. ಈ ಎರಡು ವರ್ಷದಲ್ಲಿ ಹಾಗೆ ನಕ್ಕ ನೆನಪಿಲ್ಲ.

ದವಾಖಾನೆ ಊರ ಹೊರಗೆ, ಕಾಡು ಶುರುವಾಗುವ ಕಡೆ ಇದೆ. ನಮ್ಮ ಕಡೆಯ ಎರೆಮಣ್ಣು ಇಲ್ಲಿ ಎಲ್ಲೂ ಇಲ್ಲ, ಮಣ್ಣು ಕೆಂಪಗಿದೆ. ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ, ಗೇಟಿನ ಮುಂದೆ ಹೊರಳಿ ಬಸ್ಸಿನ ದಾರಿ ನೋಡಿದೆ. ಮಹಾರೋಗದವರ, ಕುಷ್ಠದವರ ದವಾಖಾನೆ ಎಂದರೆ ಏನೆಂದು ನನಗೇನು ಗೊತ್ತಿತ್ತು? ನಮ್ಮ ಓಣಿಗೆ ಆ ತಪಾಸಣೆಯವರು ಬಂದಾಗ ಮನೆ ಮನೆ ತೋರಿಸಿದೆ, ಹೆಂಗಸರಿಗೆ ನಮ್ಮ ಮಾತಿನಲ್ಲಿ ತಿಳಿಸಿ ಹೇಳಿದೆ, ಅಷ್ಟೇ. ಕಣ್ಣು ಮುಚ್ಚಿಸಿ ಮೈಮೇಲಿನ ಮಚ್ಚೆಗೆ ಕೋಳಿಗರಿ ತಾಗಿಸಿ "ಎಲ್ಲಿ ಮುಟ್ಟಿದೆ ಹೇಳ್ರಿ" ಎಂದು ಕೇಳುವ ಆಟ ನೋಡಿ ಮಕ್ಕಳೆಲ್ಲ ಹಿಂದೆ ಬಂದಿದ್ದರಲ್ಲ. ಆಗ ದ್ವಾರಕಾಬಾಯಿ ಡಾಕ್ಟರು ನನ್ನನ್ನು ಬರುತ್ತೀಯಾ ಎಂದು ಕೇಳಿದರು. ನಾನು ನಿಮ್ಮ ಮುಖ ನೋಡಿದೆ. "ಹೋಗಲಿ. ಮನ್ಯಾಗ ಕುಂತು ಗ್ವಾಡಿ ನೋಡೂದು ಸಾಕಾತು" ಎಂದು ಉತ್ತರ ಕೊಟ್ಟವರು ನೀವು. ಯಾಕೆ ಹಾಗೆ ಅಂದಿರೋ ನಾನು ಕೇಳಲಿಲ್ಲ.

ಕೈಕಾಲಿನ ವ್ಯಾಯಾಮದ ಕೋಣೆಯಲ್ಲಿ ನನಗೆ ಕೆಲಸ. ಆರು ತಿಂಗಳು ಕಲಿಯಬೇಕು. ನನ್ನಿಂದ ಆಗುತ್ತದೆ ಎಂದು ಡಾಕ್ಟರಿಗೆ ಅನ್ನಿಸಿದರೆ ಖಾಯಂ. ಇಲ್ಲವಾದರೆ ನಿಮ್ಮ ಬಾಜೂಕ, ಮಗ್ಗದ ಮುಂದೆ. ಮೊದಲ ದಿನವೇ ಒಬ್ಬ ಮುದುಕನ ಕಾಲನ್ನು ನೀರಿನಲ್ಲಿ ನೆನೆಸಿ ಎಣ್ಣೆ ತಿಕ್ಕಲು ಹೇಳಿದರು. ನಾನು ಎಣ್ಣೆಯ ಬಟ್ಟಲು ಹಿಡಿದು ದೂರವೇ ನಿಂತದ್ದನ್ನು ನೋಡಿ ಆತ, "ಹೆದರಬ್ಯಾಡವಾ, ಬಾಳ ಬಡಪಾಯಿ ಕಾಲು ಇದು, ಒದಿಯೂದಿಲ್ಲ" ಅಂದ. ಔಷಧ ತೆಗೆದುಕೊಳ್ಳುವವರಿಂದ ರೋಗ ಹರಡುವುದಿಲ್ಲವಂತೆ. ನೀವೂ ಹೆದರಬೇಡಿ.

ನಿಮಗೆ ನೀರಡಿಕೆ ಬಹಳ. ಮಗ್ಗದಿಂದ ಎದ್ದು ಈಗ ತಂಬಿಗೆ ಯಾರು ಕೊಡುತ್ತಾರೆ?

ನಿಮ್ಮ ಸೊಸೆ,
ರೇಷ್ಮಾಬಿ

•

ನವಲಗುಂದ
ಜೂನ್ ೨೬, ೧೯೭೪

ಚಿ. ರೇಷ್ಮಾಬಿಗೆ ನೆರೆಮನೆಯ ಕೃಷ್ಣಾಜಿ ಮಾಸ್ತರನ ಆಶೀರ್ವಾದ. ನಿನ್ನ ಅತ್ತೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಬಾಯಿಂದ ಬಂದದ್ದು ಬಂದ ಹಾಗೆಯೇ ಕಾಗದದ ಮೇಲೆ ಬೀಳಬೇಕು, ಸಾಲಿ ಪುಸ್ತಕದ ಮಾತು ಸೇರಿಸಿದರೆ ಹರಿದು ಒಲೆಗೆ ಹಾಕುವೆ ಎಂದು ಅಪ್ಪಣೆಯಾಗಿದೆ. ಇನ್ನು ಮುಂದೆ ಅವರ ಮಾತು:

ರೇಷ್ಮಾ, ಕಾಗದ ಮುಟ್ಟಿತು. ರೊಟ್ಟಿ ಗಂಟು ಮರತಿ ಅಂದ್ರ ತಲಿ ಎಲ್ಲಿಟ್ಟಿದ್ದಿ? ನೀ ಹೋದ ಮ್ಯಾಲೆ ಮಗ್ಗದ ಮ್ಯಾಲಿನ ಜಮಖಾನಿ ಒಂದ ಮಗ್ಗಲು ಏರೇತಿ, ಒಂದ ಮಗ್ಗಲು ಹಂಗs ಐತಿ. ನಿನ್ನ ಬಾಜು ನಾ ಮುಟ್ಟಿಲ್ಲ. ಮುಟ್ಟೂದಿಲ್ಲ. ನೂಲು ಬಡಿಯೂ ನಿನ್ನ ಕಬ್ಬಿಣದ ಪಂಜಾ ಎಲ್ಲಿ ಅಂತ ಕೇಳಬ್ಯಾಡ, ಎತ್ತಿ ಇಟ್ಟೀನಿ, ಎಲ್ಲಿ ಇಟ್ಟೀನಿ ನೆನಪಿಲ್ಲ.

ಕಾಲು ತಿಕ್ಕೂದು ಪುಣ್ಯದ ಕೆಲಸ. ತಿಕ್ಕು. ಆದ್ರ ಬಕ್ರೀದಿಗೆ ಮನಿಗೆ ಬರಬೇಕು. ನೀರಿಂದು ಚಿಂತಿ ಬ್ಯಾಡ, ನನಗ ಈಗ ನೀರಡಿಕಿ ಇಲ್ಲ.

ಜುಲೇಖಾಬಿ

(ಇದು ನನ್ನ ಮಾತು: ಪಂಜಾ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ನೆನಪಿದೆ. — ಕೃಷ್ಣಾಜಿ)

•

ಕಲಘಟಗಿ
ಜುಲೈ ೨೧, ೧೯೭೪

ಅಮ್ಮಾ ಅವರಿಗೆ ಸಲಾಂ.

ಇವತ್ತು ಕಂಡದ್ದನ್ನು ಇವತ್ತೇ ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಇಲ್ಲಿ ದುರಗವ್ವ ಎಂಬವಳಿದ್ದಾಳೆ. ನಮ್ಮ ಕಡೆಯವಳೇ, ಶಲವಡಿಯವಳು, ನನಗಿಂತ ಚಿಕ್ಕವಳು. ಬಲಗೈಯ ನಾಲ್ಕೂ ಬೆರಳು ಒಳಗೆ ಮಡಚಿ ಹಕ್ಕಿಯ ಉಗುರಿನ ಹಾಗೆ ಆಗಿದ್ದವು. ಬಿಸಿ ಹಂಚು ಮುಟ್ಟಿದರೂ ತಿಳಿಯುವುದಿಲ್ಲ. ಗಂಡನ ಮನೆಯವರು ತವರಿಗೆ ಕಳಿಸಿದರು, ತವರಿನವರು ಹೊಲದಲ್ಲಿ ಒಂದು ಚಪ್ಪರ ಹಾಕಿ ಅಲ್ಲಿ ಇರು ಅಂದರು. ಬಾಯಿ ಮಾತ್ರ ಕತ್ತರಿ. ಮೊದಲ ದಿನ ನನ್ನ ಕೈ ನೋಡಿ, "ಬಾಯಾರ, ಛಲೋ ಕೈ ಅದಾವಲ್ಲ, ಅದಲಾಬದಲಿ ಮಾಡಿಕೊಳ್ಳೂಣು ಏನು?" ಅಂದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡರೆ, "ಚೇಷ್ಟಿ ಮಾಡಿದ್ನಿ. ನಗಾಕೂ ಬರೂದಿಲ್ಲೇನ ನಿಮಗ?" ಎಂದು ತಾನೇ ನಕ್ಕಳು.

ಹೋದ ತಿಂಗಳು ಅವಳ ಕೈಗೆ ಆಪರೇಶನ್ ಆಯಿತು. ನಡುಬೆರಳಿನ ಒಂದು ನರವನ್ನು ತೆಗೆದು, ನಾಲ್ಕಾಗಿ ಸೀಳಿ, ನಾಲ್ಕೂ ಬೆರಳಿಗೆ ಜೋಡಿಸುತ್ತಾರೆ. ಇಲ್ಲಿ ಎಲ್ಲರೂ ನರ ಅನ್ನುತ್ತಾರೆ. ಅದು ನರವಲ್ಲ, ಬೆರಳನ್ನು ಎಳೆಯುವ ಹುರಿ ಎಂದು ಡಾಕ್ಟರು ತಿದ್ದುತ್ತಾರೆ. ನನಗೆ ಅದು ಮೊದಲ ಸಲಕ್ಕೇ ತಿಳಿಯಿತು. ಮಗ್ಗದ ಹಾಸಿನಲ್ಲಿ ಒಂದು ಎಳೆ ಹರಿದರೆ ಬಾಜೂಕಿನ ಎಳೆಯಿಂದ ಸೀಳು ತೆಗೆದು ಜೋಡಿಸುವುದನ್ನು ನೀವೇ ಕಲಿಸಿದ್ದೀರಲ್ಲ!

ಇವತ್ತು ಪ್ಲಾಸ್ಟರ್ ಬಿಚ್ಚಿದರು. ಡಾಕ್ಟರು, "ದುರಗವ್ವ, ನಡುಬೆರಳು ಮಡಚತೀನಿ ಅಂತ ಮನಸಿನ್ಯಾಗ ಅನ್ನು" ಅಂದರು. ಅವಳು ಕೈಯನ್ನೇ ದುರುಗುಟ್ಟಿ ನೋಡುತ್ತ ಕೂತಳು. ಏನೂ ಆಗಲಿಲ್ಲ. ಆಮೇಲೆ, ಅಮ್ಮಾ, ನಾಲ್ಕೂ ಬೆರಳು ಒಟ್ಟಿಗೆ, ನೆಟ್ಟಗೇ ಇದ್ದು, ಬುಡದಲ್ಲಿ ಇಷ್ಟೇ ಇಷ್ಟು ಬಾಗಿದವು. ನಮಾಜಿಗೆ ಸಾಲಾಗಿ ನಿಂತವರು ಬಾಗಿದ ಹಾಗೆ. "ಯವ್ವಾ! ನನ್ನ ಮಾತು ಕೇಳಿದ್ವು!" ಎಂದು ದುರಗವ್ವ ಕೂಗಿದಳು. ಎಲ್ಲರೂ ತಮಗಿದ್ದಂಥ ಕೈಗಳಿಂದ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಓಡಿ ಬಾವಿಯಲ್ಲಿ ನೀರು ಸೇದುವವನಿಗೆ ಹೇಳಿದೆ, ಅಡಿಗೆಯವಳಿಗೆ ಹೇಳಿದೆ, ಗೇಟಿನವನಿಗೆ ಹೇಳಿದೆ. ಇನ್ನು ಹೇಳಲು ಯಾರೂ ಉಳಿಯದೆ ನಿಮಗೆ ಬರೆಯುತ್ತಿದ್ದೇನೆ.

ಇದೇ ನನ್ನ ಕೆಲಸ ಅಮ್ಮಾ. ಇದು ನನಗೆ ಬೇಕು.

ನಿಮ್ಮ ಸೊಸೆ,
ರೇಷ್ಮಾಬಿ

•

ಕಲಘಟಗಿ
ಆಗಸ್ಟ್ ೧೮, ೧೯೭೪

ಅಮ್ಮಾ ಅವರಿಗೆ ಸಲಾಂ.

ಒಂದು ಮಾತು ಕೇಳಲು ಬರೆಯುತ್ತಿದ್ದೇನೆ. ಓದಿಸಿಕೊಂಡು ಕೂಡಲೇ ಸಿಟ್ಟಾಗಬೇಡಿ.

ದುರಗವ್ವನ ಬೆರಳು ಬಾಗಿದವು, ಆದರೆ ದಿನಾಲೂ ಕೆಲಸ ಕೊಡದಿದ್ದರೆ ಮತ್ತೆ ಬಿಗಿಯುತ್ತವೆ. ಮೇಣದ ಉಂಡೆ ಹಿಸುಕು, ಮರದ ಗುಂಡು ಎತ್ತಿಡು, ಇದೇ ವ್ಯಾಯಾಮ. ಅವಳಿಗೆ ಬೇಸರ ಬಂದಿದೆ. ನಿನ್ನೆ ಮೇಣದ ಉಂಡೆಯನ್ನು ಕಿಟಕಿಯಿಂದ ಹೊರಗೆ ಒಗೆದು, "ನಾ ಏನ ಹಾಲುಗಲ್ಲದ ಕೂಸ? ಉಂಡಿ ಹಿಡಕೊಂಡು ಆಡಾಕ?" ಅಂದಳು. ಬೆರಳು ನೆಟ್ಟಗಿಟ್ಟು ಬುಡದಲ್ಲಿ ಮಾತ್ರ ಬಾಗಿಸಿ ಹೆಬ್ಬೆರಳಿಗೆ ಒತ್ತಿ ಹಿಡಿಯಬೇಕು. ಅದನ್ನು ತೋರಿಸುವಾಗ ನನ್ನ ಕೈ ತಾನಾಗಿ ಗಾಳಿಯಲ್ಲಿ ಸರಿಯಿತು. ಹಾಸಿನ ಎಳೆಗಳ ನಡುವೆ ನಾವು ನೂಲಿನ ಕಟ್ಟು ತೂರಿಸುವುದು ಅದೇ ಹಿಡಿತದಲ್ಲಿ! ನಾವು ಹಗಲೆಲ್ಲ ಮಾಡುವುದು ಅವಳಿಗೆ ಬೇಕಾದ ವ್ಯಾಯಾಮವೇ!

ಡಾಕ್ಟರಿಗೆ ಹೇಳಿದೆ. ಅವರ ಕಣ್ಣು ಅರಳಿದವು. "ಮಾಡಿ ನೋಡೂಣು" ಅಂದರು. ಇಲ್ಲಿ ಬಣ್ಣದ ತೊಟ್ಟಿಲು ಮಾಡುವ ಬಡಿಗೇರರೊಬ್ಬರು ಸಣ್ಣ ಚೌಕಟ್ಟು ಮಾಡಿಕೊಡಲು ಒಪ್ಪಿದ್ದಾರೆ. ಕಂಬಾರನಿಗೆ ಪಂಜಾ ಮಾಡಲು ಹೇಳಿದ್ದೇನೆ.

ನಮ್ಮ ನೇಯ್ಗೆ ಸೊಸೆಯಂದಿರಿಗೆ ಮಾತ್ರ ಎಂಬುದು ನನಗೆ ಗೊತ್ತಿಲ್ಲವೆ? ಮಗಳಿಗೆ ಕಲಿಸಿದರೆ ಇನ್ನೊಬ್ಬರ ಮನೆಗೆ ಹೊತ್ತುಕೊಂಡು ಹೋಗುತ್ತಾಳೆ. ರಹೀಮಾಬಿ ತವರಿಗೆ ಬಂದಾಗಲೆಲ್ಲ ನೀವು ಮಗ್ಗದ ಮೇಲೆ ಚಾದರ ಹೊದಿಸುತ್ತಿದ್ದಿರಿ. ಹೊಟ್ಟೆಯ ಮಗಳಿಗೂ ತೋರಿಸದ್ದನ್ನು ದುರಗವ್ವನಿಗೆ ತೋರಿಸಲೇ ಎಂದು ಕೇಳುತ್ತಿದ್ದೇನೆ. ಪಗಡೆ, ನವಿಲಿನ ಚಿತ್ತಾರ ಏನೂ ಬೇಡ, ಬರೀ ಪಟ್ಟೆ. ಹೂಂ ಅನ್ನಿ ಅಮ್ಮಾ.

ರೇಷ್ಮಾಬಿ

•

ನವಲಗುಂದ
ಸೆಪ್ಟೆಂಬರ್ ೨, ೧೯೭೪

ರೇಷ್ಮಾ,

ಬ್ಯಾಡ.

ಪಟ್ಟಿನೂ ಬ್ಯಾಡ, ಒಂದ ಎಳಿನೂ ಬ್ಯಾಡ. ನನ್ನ ಹೊಟ್ಟ್ಯಾಗ ಹುಟ್ಟಿದ ರಹೀಮಾ ಚಾದರದ ಅಂಚು ಹಿಡಕೊಂಡು ಅತ್ತಿದ್ಲು. "ಅಮ್ಮಾ, ನೋಡತೀನಿ ಅಷ್ಟs, ಮುಟ್ಟೂದಿಲ್ಲ" ಅಂದಿದ್ಲು. ತೋರಸಲಿಲ್ಲ. ನನಗ ಕಲಿಸಿದ ನಮ್ಮ ಅತ್ತಿಯವರಿಗೆ ಮಾತು ಕೊಟ್ಟಿದ್ನಿ. ಈಗ ದಾರಿ ಮ್ಯಾಲಿನವರಿಗೆಲ್ಲಾ ಕಲಿಸಿದ್ರ, ನಾಳೆ ಆಕಿ ಮುಂದ ಯಾವ ಮಾರಿ ಇಟಗೊಂಡು ನಿಂದರ್ಲಿ? ಕಾಲು ತಿಕ್ಕು ಅಂತ ಕಳಿಸಿದ್ರ ಮನಿ ಮಗ್ಗ ಹೊತ್ತುಕೊಂಡು ಹೊಂಟಿ ಏನು?

ಬೇಕಾದ್ರ ಬುಟ್ಟಿ ಹೆಣಿಯೂದು ಕಲಸು. ಹಗ್ಗ ಹೊಸಿಯೂದು ಕಲಸು.

ಜುಲೇಖಾಬಿ

(ನನ್ನ ಮಾತು: ನಾನು ಸ್ವಲ್ಪ ಮೆತ್ತಗೆ ಬರೆಯಲು ನೋಡಿದೆ. ಓದಿ ತೋರಿಸು ಅಂದರು, ಸಿಕ್ಕಿಬಿದ್ದೆ, ಮತ್ತೆ ಬರೆಸಿದರು. — ಕೃಷ್ಣಾಜಿ)

•

ಕಲಘಟಗಿ
ಸೆಪ್ಟೆಂಬರ್ ೨೨, ೧೯೭೪

ಅಮ್ಮಾ ಅವರಿಗೆ ಸಲಾಂ. ರಂಜಾನಿನ ರೋಜಾ ನಡೆದಿದೆ, ನಿಮ್ಮ ಮೈ ಹೇಗಿದೆ?

ನಿಮ್ಮ ಕಾಗದ ಬರುವುದರೊಳಗೆ ನಾನು ದುರಗವ್ವನನ್ನು ಮಗ್ಗದ ಮುಂದೆ ಕೂರಿಸಿಬಿಟ್ಟಿದ್ದೆ. ಚೌಕಟ್ಟು ಬಂದಿತ್ತು, ಬಡಿಗೇರರು ತೊಟ್ಟಿಲಿಗೆ ಹಚ್ಚಿ ಉಳಿದ ಅರಗಿನ ಬಣ್ಣವನ್ನು ಅದಕ್ಕೂ ಹಚ್ಚಿದ್ದರು, ಅಷ್ಟು ಚೆಂದದ ಮಗ್ಗದ ಮುಂದೆ ಕಾಯುವುದು ನನ್ನಿಂದ ಆಗಲಿಲ್ಲ. ಅವಳ ಖುಷಿ ನೋಡಬೇಕಿತ್ತು. ಬೆರಳುಗಳು ಎಳೆಗಳ ನಡುವೆ ತೂರಿ ಆ ಕಡೆ ಬಂದಾಗಲೆಲ್ಲ, "ಬಂದೆವ್ವಾ ಬಂದೆವು" ಎಂದು ಅವುಗಳ ಪರವಾಗಿ ತಾನೇ ಹೇಳುತ್ತಿದ್ದಳು.

ನಾನು ಅವಳಿಗೆ, "ಕೈ ನೋಯಾಕ ಹತ್ತಿದ ಕೂಡಲೇ ನಿಲ್ಲಸು" ಎಂದು ಹೇಳಿ ಬೇರೆಯವರ ಕಾಲು ನೋಡಲು ಹೋದೆ.

ಅಮ್ಮಾ, ಅವಳ ಕೈ ನೋಯುವುದಿಲ್ಲ. ಅದೇ ಅವಳ ರೋಗ. ಅದು ನನಗೆ ಗೊತ್ತಿತ್ತು, ದಿನಾಲೂ ಗೊತ್ತಿತ್ತು, ಆದರೂ ಮಗ್ಗದ ಮುಂದೆ ನಿಂತಾಗ ನಾನು ನೇಕಾರಳಾಗಿಯೇ ಮಾತಾಡಿದೆ. ತಿರುಗಿ ಬಂದಾಗ ಅವಳು ಹಾಡಿಕೊಳ್ಳುತ್ತ ಪಂಜಾ ಬಡಿಯುತ್ತಿದ್ದಳು. ಹೊಸ ಕಬ್ಬಿಣದ ಹಿಡಿಕೆ ಅಂಗೈಯನ್ನು ಕೊರೆದುಬಿಟ್ಟಿತ್ತು. ನೂಲು ಕೆಂಪಾಗಿತ್ತು. ಅದು ಬಣ್ಣದ ನೂಲಲ್ಲ, ಬಿಳಿ ನೂಲು.

ಡಾಕ್ಟರು ನನ್ನನ್ನು ಬೈಯಲಿಲ್ಲ. ಮಗ್ಗವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು. "ನೋವು ಇಲ್ಲದವರನ್ನ ಹ್ಯಾಂಗ ನಿಲ್ಲಸಬೇಕು ಅನ್ನೂದು ಗೊತ್ತಾಗೂತನಕ ಇದು ಬ್ಯಾಡ" ಅಂದರು. ನನ್ನ ಕೆಲಸದ ಮಾತನ್ನು ಡಿಸೆಂಬರಿನಲ್ಲಿ ನೋಡೋಣ ಅಂದರು. ದುರಗವ್ವನ ಗಾಯ ಮಾಯುತ್ತಿದೆ, ಬೆರಳು ಬಿಗಿಯುತ್ತಿವೆ. ಈಗ ಚೇಷ್ಟೆ ಮಾಡುವುದಿಲ್ಲ. "ಹೊಲದಾಗಿನ ಚಪ್ಪರಕ್ಕ ಬಿಟ್ಟು ಬರ್ರಿ ನನ್ನ" ಅನ್ನುತ್ತಾಳೆ.

ಕಲಿಸಲು ನಾನು ಇನ್ನು ಕೇಳುವುದಿಲ್ಲ. ನೀವು ಬೇಡ ಅಂದಿದ್ದೀರಿ. ಒಂದೇ ಮಾತು ತಿಳಿಯಬೇಕು. ನಾನು ಹೊಸದಾಗಿ ಬಂದಾಗ ನನ್ನ ಅಂಗೈ ಹೂವಿನಂತಿತ್ತು ಎಂದು ನೀವೇ ಹೇಳುತ್ತೀರಿ. ಓಣಿಯ ಸೊಸೆಯರಿಗೆಲ್ಲ ಮೊದಲ ತಿಂಗಳು ಗುಳ್ಳೆ ಎದ್ದವು, ನನಗೆ ಏಳಲಿಲ್ಲ. ಏನು ಮಾಡಿದ್ದಿರಿ?

ರೇಷ್ಮಾಬಿ

•

ನವಲಗುಂದ
ಅಕ್ಟೋಬರ್ ೨೧, ೧೯೭೪

ಚಿ. ರೇಷ್ಮಾಬಿಗೆ ಆಶೀರ್ವಾದಗಳು.

ಇದು ನಾನೇ ಬರೆಯುತ್ತಿರುವುದು, ನಿನ್ನ ಅತ್ತೆಗೆ ಗೊತ್ತಿಲ್ಲ. ನಿನ್ನ ಕಾಗದ ಓದಿ ತೋರಿಸಿದ ದಿನ ಉತ್ತರ ಏನು ಬರೆಯಲಿ ಎಂದು ಕೇಳಿದೆ. "ಆಕಿಗೆ ಸೂಜಿ ಚುಚ್ಚಿದ್ರೂ ತಿಳಿಯೂದಿಲ್ಲೇನು?" ಎಂದು ಕೇಳಿದರು. ಇಲ್ಲ ಅಂದೆ. "ಮತ್ತ ಸಾಕು ಅಂತ ಆಕಿಗೆ ಹೇಳಾವ್ರು ಯಾರು?" ಅಂದರು. ಎದ್ದು ಹೋದರು. ಆಮೇಲೂ ಬಂದು ಅದೇ ಕಾಗದ ಓದಿಸಿಕೊಂಡು ಹೋಗಿದ್ದಾರೆ. ಬರೆಸುವುದಿಲ್ಲ.

ರಂಜಾನ್ ಹಬ್ಬಕ್ಕೆ ರಹೀಮಾಬಿ ಬಂದಿದ್ದಳು. ಶಾವಿಗೆಯ ಸುರಕುಂಬಾ ತರಲು ಹೋದ ನಮ್ಮ ಮನೆಯವರು ಹೇಳಿದ್ದು: ಮಗ್ಗದ ಮೇಲೆ ಚಾದರ ಇರಲಿಲ್ಲವಂತೆ. ತಾಯಿ ಮಗಳು ಅದರ ಮುಂದೆಯೇ ಕೂತಿದ್ದರಂತೆ.

ಕೃಷ್ಣಾಜಿ

•

ನವಲಗುಂದ
ನವೆಂಬರ್ ೪, ೧೯೭೪

ರೇಷ್ಮಾ,

ನಿನ್ನ ಕೈಗೆ ಯಾಕ ಗುಳ್ಳಿ ಏಳಲಿಲ್ಲ ಅಂತ ಕೇಳೀದಿ. ಕೇಳು. ನೀ ಹೊಸದಾಗಿ ಬಂದಾಗ ಬಾಳ ನಾಚಿಕಿ. ಕೈ ನೋಯ್ತಾವ ಅಂತ ಸತ್ತರೂ ಬಾಯಿ ಬಿಡಾಕಿ ಅಲ್ಲ. ಬಾಯಿ ಬಿಡದಾಕಿಗೆ ನೋವು ಇದ್ದರೇನು, ಬಿಟ್ಟರೇನು? ಅದಕ್ಕ ನಾ ನಿನ್ನ ಕೇಳತಿದ್ದಿಲ್ಲ. ನಾಕ ಬೆರಳ ಅಗಲ ನೇದ ಕೂಡಲೇ "ನೀರು ತಾ" ಅಂತ ಎಬ್ಬಸತಿದ್ನಿ. ತಂಬಗಿ ಇಸಗೊಳ್ಳುವಾಗ ನಿನ್ನ ಅಂಗೈ ನೋಡತಿದ್ನಿ. ಕೆಂಪಾಗಿದ್ರ ಅವತ್ತಿನ ಮಗ್ಗ ಬಂದ್. ನನಗ ಎಂದೂ ಅಷ್ಟು ನೀರಡಿಕಿ ಇದ್ದಿಲ್ಲ, ಹುಚ್ಚಿ.

ಅದನ್ನs ಮಾಡು. ಕೈ ಏನಂತೈತಿ ಅಂತ ಆಕಿನ್ನ ಕೇಳಬ್ಯಾಡ. ನೀನs ನೋಡು.

ಮಾಸ್ತರ್ರು ಸಂಬಂಧಿಕರ ಮನಿಗೆ ಅಂತ ಕಲಘಟಗಿಗೆ ಹೊಂಟಾರ, ಅವರ ಕೈಯಾಗ ನಿನ್ನ ಪಂಜಾ ಕಳಿಸೀನಿ. ಕಂಬಾರನ ಪಂಜಾ ಒಗಿ. ಇದರ ಹಿಡಿಕಿಗೆ ನನ್ನ ಮಗ ಕಾಸೀಮ ತನ್ನ ಹಳೇ ಲುಂಗಿ ಹರದು ಸುತ್ತಿದ್ದ. "ಅಮ್ಮಾ, ಆಕಿ ಕೈಗೆ ಒತ್ತಬಾರದು" ಅಂತಿದ್ದ. ನಾ ನಕ್ಕಿದ್ನಿ. ಅವನ ಹೆಸರು ಹೇಳಿದ್ರ ನೀ ಅಳತಿ ಅಂತ ನಾ ಹೇಳಲಿಲ್ಲ, ನಾ ಅಳತೀನಿ ಅಂತ ನೀ ಹೇಳಲಿಲ್ಲ. ಅವ ಮಣ್ಣಿಗೆ ಹೋದ ಮ್ಯಾಲೆ ಎರಡ ವರ್ಷ ಇಬ್ಬರೂ ಗ್ವಾಡಿ ನೋಡಿದ್ವಿ. ಅರಿವಿ ಇನ್ನೂ ಘಟ್ಟಿ ಐತಿ. ಬಿಚ್ಚಬ್ಯಾಡ, ಅದರ ಮ್ಯಾಲs ಮತ್ತೊಂದು ಸುತ್ತು.

ಇನ್ನ ಸೊಸಿ ಮಾತು. ಮಗಳಿಗೆ ಯಾಕ ಕಲಸೂದಿಲ್ಲ? ಹೊಸ್ತಿಲಾ ದಾಟಿ ಹೋಗ್ತಾಳ ಅಂತ. ಸೊಸಿಗೆ ಯಾಕ ಕಲಸ್ತೀವಿ? ತನ್ನ ಮನಿ ಬಿಟ್ಟು ಬಂದಾಳ, ಹೊಳ್ಳಿ ಹೋಗೂದಿಲ್ಲ ಅಂತ. ನಿನ್ನ ದವಾಖಾನ್ಯಾಗ ಇರೂ ಮಂದಿ ಎಲ್ಲಾರೂ ಮನಿ ಬಿಟ್ಟು ಬಂದವರs. ಹೊಳ್ಳಿ ಹೋಗಾಕ ಯಾರಿಗೂ ಮನಿ ಇಲ್ಲ. ಹಂಗಾದ್ರ ಅವರೆಲ್ಲಾ ಯಾರಾದ್ರು? ರಹೀಮಾನ್ನ ಬಾಜೂಕ ಕುಂದರಿಸಿಕೊಂಡು ಇದನ್ನ ಕೇಳಿದ್ನಿ. ಆಕಿ ಮಗ್ಗದ ಎಳಿ ಮ್ಯಾಲೆ ಕೈ ಆಡಿಸಿದ್ಲು. ಆಮ್ಯಾಲೆ, "ಕಲಸಲಿ ಅಮ್ಮಾ. ಆದ್ರ ಮೊದಲ ನನಗ ಕಲಸು" ಅಂದ್ಲು. ಈಗ ಆಕಿ ನೇದ ಪಟ್ಟಿ ಮಗ್ಗದ ಮ್ಯಾಲ ಐತಿ. ಸೊಟ್ಟ ಐತಿ.

ಕಲಸು. ನವಿಲೂ ಕಲಸು.

ಬಕ್ರೀದಿಗೆ ಆ ಶಲವಡಿಯಾಕಿನ್ನೂ ಕರಕೊಂಡು ಬಾ. ಸೊಸಿ ಅಂದ ಮ್ಯಾಲೆ ಮನಿ ನೋಡಬೇಕಲ್ಲ.

ಜುಲೇಖಾಬಿ

•

ಕಲಘಟಗಿ
ಡಿಸೆಂಬರ್ ೧೫, ೧೯೭೪

ಅಮ್ಮಾ ಅವರಿಗೆ ಸಲಾಂ.

ಮಾಸ್ತರರು ಗಂಟು ಬಿಚ್ಚಿದಾಗ ನಾನು ಅಳಲಿಲ್ಲ, ಅತ್ತದ್ದು ಅವರು. ಆ ಹಿಡಿಕೆಯನ್ನು ನಾನು ಬೆರಳಿನಿಂದ ಸವರಿ ನೋಡಿದೆ. ಅರಿವೆಯ ಗಂಟು ನಿಮ್ಮ ಮಗ ಹಾಕಿದ್ದೇ, ಎಡಗೈಯಿಂದ ಹಾಕಿದ ಗಂಟು. ಅದರ ಮೇಲೆ ಮೆತ್ತನೆಯ ಬಟ್ಟೆ ಸುತ್ತಿದ್ದೇನೆ.

ನಿಮ್ಮ ನೀರಿನ ಮಾತನ್ನು ಡಾಕ್ಟರಿಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. ಎದ್ದು ಹೋಗಿ ಮಗ್ಗವನ್ನು ತಾವೇ ಈ ಕಡೆ ತಿರುಗಿಸಿದರು. ಈಗ ನಾಲ್ಕು ಬೆರಳಿನ ಅಗಲ ನೇಯ್ದ ಕೂಡಲೇ ನಾನು ನೀರು ಕೇಳುತ್ತೇನೆ, ತಂಬಿಗೆ ಕೊಡುವ ಕೈಯನ್ನು ತಿರುಗಿಸಿ ನೋಡುತ್ತೇನೆ. ಮಗ್ಗದ ಮುಂದೆ ಈಗ ದುರಗವ್ವನ ಸಂಗಡ ಇನ್ನೂ ಮೂವರು ಕೂರುತ್ತಾರೆ, ಹೀಗಾಗಿ ಹಗಲೆಲ್ಲ ನೀರು ಕುಡಿಯುವುದೇ ನನ್ನ ಕೆಲಸ. "ನಮಗ ಕೈ ರೋಗ, ಬಾಯಾರಿಗೆ ನೀರಡಿಕಿ ರೋಗ. ಯಾರದು ಮೊದಲ ವಾಸಿ ಆಗ್ತದೋ ನೋಡೂಣು" ಎಂದು ದುರಗವ್ವ ಕೋಣೆಯನ್ನೆಲ್ಲ ನಗಿಸುತ್ತಾಳೆ. ಕತ್ತರಿ ಮತ್ತೆ ಹರಿತವಾಗಿದೆ! ಅಂಗೈಗೆ ಒಂದು ಗೀರೂ ಬಿದ್ದಿಲ್ಲ.

ನನ್ನ ಕೆಲಸ ಖಾಯಂ ಆಯಿತು ಅಮ್ಮಾ. ಶುಕ್ರವಾರ ಹೇಳಿದರು. ಮೊದಲು ಓಡಿ ಹೋಗಿ ಹೇಳಿದ್ದು ಪಂಜಾಕ್ಕೆ. ಹುಚ್ಚಿ ಅನ್ನಬೇಡಿ.

ಬಕ್ರೀದಿಗೆ ಇಬ್ಬರೂ ಬರುತ್ತೇವೆ. ಆ ಮಾತು ಹೇಳಿದಾಗಿನಿಂದ ದುರಗವ್ವನಿಗೆ ಒಂದೇ ಚಿಂತೆ. "ಅಲ್ಲಿ ನಾ ಎಲ್ಲಿ ಕುಂದರ್ಲಿ? ಹೊರಗ ಕಟ್ಟಿ ಐತೇನು?" ಎಂದು ಕೇಳಿದಳು. ಮಗ್ಗದ ಮುಂದೆ, ನನ್ನ ಬಾಜು ಖಾಲಿ ಇದೆ ಎಂದು ಹೇಳಿದ್ದೇನೆ. ಅವಳು ನಂಬಿಲ್ಲ. ನಿಮ್ಮ ಬಾಯಿಂದ ಕೇಳಿದರೆ ನಂಬುತ್ತಾಳೆ.

ನಾಲ್ಕನೇ ಇಯತ್ತೆ ಓದಿದವಳು. ಪೆನ್ನು ಹಿಡಿಯದೆ ಎಷ್ಟೋ ವರ್ಷವಾಗಿದೆ. ಕೆಳಗಿನ ಸಾಲು ಅವಳೇ ಬರೆಯುತ್ತಾಳಂತೆ, ನಾನು ಆ ಕಡೆ ತಿರುಗಿ ಕೂರಬೇಕಂತೆ.

ನಿಮ್ಮ ಸೊಸೆ,
ರೇಷ್ಮಾಬಿ

ಅತ್ತಿ, ನಾ ಬಂದ ಮ್ಯಾಲೆ ನೀರು ನನ್ನ ಕೇಳ್ರಿ.
ದುರಗವ್ವ